ಅಳೆಯದ ಹರಳು

ನೆಂಟರೆಲ್ಲ ಹೋದ ಮೇಲಿನ ಮೊದಲ ಬೆಳಿಗ್ಗೆ ಕಸದ ಗಾಡಿಯವನು ಬಾಗಿಲು ಬಡಿದ. ನಾವು ಹೊರಗಿಟ್ಟಿದ್ದ ಚೀಲಗಳನ್ನು ಮೆಟ್ಟಿಲ ಮೇಲೆಯೇ ಬಿಚ್ಚಿ ನೋಡಿದ್ದ.

"ಎಲ್ಲಾ ಕಲಸುಮೇಲೋಗರ ಮಾಡಿಟ್ಟಿದ್ದೀರಲ್ಲಮ್ಮ. ಹಸಿ ಕಸ ಬೇರೆ, ಒಣ ಕಸ ಬೇರೆ. ಎಷ್ಟು ಸಲ ಹೇಳೋದು?"

"ಮನೇಲಿ ಸಾವಾಗಿತ್ತು," ಎಂದೆ.

"ಗೊತ್ತು. ಅದಕ್ಕೇ ಇಷ್ಟು ದಿನ ಹಾಗೇ ತಗೊಂಡು ಹೋದೆ." ಚೀಲಗಳನ್ನು ಕಾಲಿನಿಂದ ಒಳಕ್ಕೆ ಸರಿಸಿದ. "ಇವತ್ತು ಆಗಲ್ಲ."

ಅವನು ಹೇಳಿದ್ದು ನ್ಯಾಯವೇ. ಹೊಸಿಲ ಹತ್ತಿರ ಕುಕ್ಕರುಗಾಲಲ್ಲಿ ಕೂತು ಬೇರೆ ಮಾಡತೊಡಗಿದೆ. ಬಾಡಿದ ಹೂವು ಒಂದು ಕಡೆ, ಕಾಗದದ ಲೋಟ ಒಂದು ಕಡೆ. ಅತ್ತವರು ಎಷ್ಟು ತಿಂದಿದ್ದಾರೆ ಎಂಬುದು ಕಸದಲ್ಲಿ ಗೊತ್ತಾಗುತ್ತದೆ. ಗಂಡನ ದೊಡ್ಡಪ್ಪ ಬಂದ ದಿನದಿಂದ "ಗಂಟಲಲ್ಲಿ ತುತ್ತು ಇಳೀತಿಲ್ಲ" ಎನ್ನುತ್ತಿದ್ದರು. ಅವರು ಮಲಗಿದ್ದ ಮಂಚದ ಕೆಳಗಿನಿಂದ ಗುಡಿಸಿದ ಬಿಸ್ಕತ್ತಿನ ಪೊಟ್ಟಣಗಳೇ ಅರ್ಧ ಚೀಲ ಇದ್ದವು.

ಎಲ್ಲರೂ ಒಂದೇ ಮಾತು ಹೇಳಿ ಹೋಗಿದ್ದರು: ಚಿನ್ನದಂಥ ಹುಡುಗ. ನನ್ನ ಗಂಡ ಚಿನ್ನದಂಥವನೇನೂ ಆಗಿರಲಿಲ್ಲ. ಒಳ್ಳೆಯವನಾಗಿದ್ದ. ಸೋಮಾರಿಯಾಗಿದ್ದ. ನಗಿಸುತ್ತಿದ್ದ. ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆಯುತ್ತಿದ್ದ. ಸಂಶೋಧನಾ ಸಂಸ್ಥೆಯ ಮೆಟ್ಟಿಲು ಇಳಿಯುವಾಗ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಸತ್ತ ಎಮ್ಮೆಗೆ ಸೇರುಗಟ್ಟಲೆ ಹಾಲು ಎಂಬಂತೆ, ಅಲ್ಲಿಂದಾಚೆ ಅವನ ಗುಣಗಳು ದಿನದಿನಕ್ಕೂ ಹೆಚ್ಚಿದವು.

"ಅವನ ಆಫೀಸಿನವರು ಬರ್ತಾರಂತೆ," ಎಂದರು ಅತ್ತೆ, ಅಡುಗೆಮನೆಯಿಂದಲೇ. "ಸ್ವಲ್ಪ ಒಳ್ಳೆ ಬಟ್ಟೆ ಹಾಕ್ಕೋ."

"ಯಾಕೆ?"

"ಏನೋ ದೊಡ್ಡ ಸುದ್ದಿ ಇದೆಯಂತೆ. ನಿನ್ನ ಈ ಅವತಾರ ನೋಡಿದ್ರೆ ಬಂದವರು ಸುದ್ದಿ ಮರೆತು ವಾಪಸ್ ಹೋಗ್ತಾರೆ."

ನಾನು ಕೈ ತೊಳೆದುಕೊಂಡೆ. ಬಟ್ಟೆ ಬದಲಿಸಲಿಲ್ಲ.

ಬಂದವನು ತಥಾಸ್ತು. ನಿಜವಾದ ಹೆಸರು ಬೇರೆ. ಪ್ರೊಫೆಸರು ಏನು ಹೇಳಿದರೂ ಹೌದೆನ್ನುತ್ತಾನೆಂದು ನನ್ನ ಗಂಡ ಇಟ್ಟ ಹೆಸರು ಅದು. ಪ್ರೊಫೆಸರಿಗೂ ಅವನೇ ಒಂದು ಹೆಸರಿಟ್ಟಿದ್ದ: ಘೋಷಣೆ. ಪ್ರಯೋಗ ಶುರುವಾಗುವ ಮೊದಲೇ ಅದರ ಫಲವನ್ನು ಸಾರುವ ಮನುಷ್ಯ. "ಘೋಷಣೆಗೂ ತಥಾಸ್ತುವಿಗೂ ನಡುವೆ ಕೆಲಸ ಮಾಡೋನು ನಾನೊಬ್ಬನೇ," ಎಂದು ನಗುತ್ತಿದ್ದ. ನಗುವುದಷ್ಟೇ. ಅವರೆದುರು ಒಂದು ದಿನವೂ ತುಟಿ ಬಿಚ್ಚಿದವನಲ್ಲ.

ತಥಾಸ್ತು ಕುರ್ಚಿಯ ತುದಿಯಲ್ಲಿ ಕೂತ. ಲ್ಯಾಪ್‌ಟಾಪನ್ನು ಮಗುವಿನ ಹಾಗೆ ಎದೆಗವಚಿಕೊಂಡಿದ್ದ.

"ಅತ್ತಿಗೆ, ಶುಕ್ರವಾರ ಅಣ್ಣನ ಸ್ಮರಣೆ ಸಭೆ. ಪತ್ರಿಕೆಯವರೂ ಬರ್ತಾರೆ. ಸರ್ ಅವತ್ತೇ ಅಣ್ಣನ ಸಂಶೋಧನೆ ಘೋಷಿಸಬೇಕು ಅಂತ..."

"ಅವರು ಇನ್ನೇನು ಮಾಡ್ತಾರೆ."

ಅತ್ತೆ ನನ್ನನ್ನು ದುರುಗುಟ್ಟಿ ನೋಡಿ ಅವನ ಕಡೆ ತಿರುಗಿದರು. "ಏನಪ್ಪಾ ಅದು ಸಂಶೋಧನೆ? ನನಗೆ ಅರ್ಥ ಆಗೋ ಹಾಗೆ ಹೇಳು. ಕೇಳಿದಾಗಲೆಲ್ಲ 'ಕಂಪ್ಯೂಟರಿಗೆ ಪಾಠ ಹೇಳ್ಕೊಡ್ತೀನಮ್ಮ' ಅಂತಿದ್ದ. ಅಷ್ಟೇ."

"ಪಾಠವೇ ಅಮ್ಮ. ಹರಳು ಅಂದ್ರೆ, ಉಪ್ಪಿನ ಕಲ್ಲು ಇದೆಯಲ್ಲ, ಅಂಥದ್ದು. ಒಳಗೆ ಪರಮಾಣುಗಳು ಸಾಲಾಗಿ ಕೂತಿರ್ತವೆ. ಯಾರ ಪಕ್ಕ ಯಾರು, ಎಷ್ಟು ದೂರದಲ್ಲಿ, ಅದನ್ನ ಕಂಪ್ಯೂಟರಿಗೆ ಕೊಡ್ತೀವಿ. ಈ ಹರಳಲ್ಲಿ ಶಾಖ ಇಷ್ಟು ಹರಿಯುತ್ತೆ, ಆ ಹರಳಲ್ಲಿ ಅಷ್ಟು ಅಂತ ಸಾವಿರಾರು ಉದಾಹರಣೆ ತೋರಿಸ್ತೀವಿ. ಅದು ಕಲಿಯುತ್ತೆ. ನ್ಯೂರಲ್ ನೆಟ್‌ವರ್ಕ್ ಅಂತಾರೆ. ಆಮೇಲೆ ಎಂದೂ ನೋಡದ ಹರಳು ಕೊಟ್ರೂ, ಇದರಲ್ಲಿ ಶಾಖ ಎಷ್ಟು ಹರಿಯುತ್ತೆ ಅಂತ ಹೇಳಿಬಿಡುತ್ತೆ."

"ಅಂದ್ರೆ ಅಕ್ಕಪಕ್ಕದವರನ್ನ ನೋಡಿ ಮನೆಯವರ ಗುಣ ಹೇಳೋದು."

"ಹೌದಮ್ಮ, ಥೇಟ್ ಹಾಗೇ."

"ಅದನ್ನ ನಾನೂ ಹೇಳ್ತೀನಲ್ಲ. ಅದಕ್ಕೆ ಕಂಪ್ಯೂಟರ್ ಯಾಕೆ?"

ತಥಾಸ್ತು ಹೌದೆಂದು ತಲೆಯಾಡಿಸಿ, ಆಮೇಲೆ ಇಲ್ಲವೆಂದೂ ತಲೆಯಾಡಿಸಿದ. "ಅಣ್ಣನ ನೆಟ್‌ವರ್ಕು ಒಂದು ಹೊಸ ಹರಳನ್ನ ಆರಿಸಿದೆ ಅಮ್ಮ. ಅದರಲ್ಲಿ ಶಾಖ ಹರಿಯೋದೇ ಇಲ್ಲ ಅನ್ನೋಷ್ಟು ಕಡಿಮೆ. ಇಂಜಿನ್ನಿಗೆ, ಕುಲುಮೆ ಗೋಡೆಗೆ, ಎಲ್ಲದಕ್ಕೂ ಬೇಕಾಗೋ ವಸ್ತು. ಇಂಥದ್ದು ಇನ್ನೆಲ್ಲೂ ಇಲ್ಲ."

"ಅಳೆದು ನೋಡಿದ್ದೀರಾ?" ಎಂದೆ.

"ಅಳೆಯೋದೇನಿದೆ ಅತ್ತಿಗೆ? ಕಲಿಸುವಾಗ ಕೆಲವು ಹರಳುಗಳನ್ನ ಬಚ್ಚಿಟ್ಟು, ಆಮೇಲೆ ಅವನ್ನೇ ಕೊಟ್ಟು ಪರೀಕ್ಷೆ ಮಾಡಿದ್ವಿ. ನೂರಕ್ಕೆ ತೊಂಬತ್ತೇಳು ಸರಿ ಹೇಳಿದೆ."

"ಹೊಸ ಹರಳನ್ನ ಅಳೆದಿದ್ದೀರಾ ಅಂತ ಕೇಳಿದೆ."

"ಇನ್ನೂ ಇಲ್ಲ." ಅವನು ಗಂಟಲು ಸರಿಮಾಡಿಕೊಂಡ. "ಅದಕ್ಕೇ ಬಂದೆ. ನಮ್ಮಲ್ಲಿ ಹರಳು ಬೆಳೆಸೋರು ಕುಲುಮೆ ಮೇಡಂ, ಅವರು ಅದನ್ನ ಬೆಳೆಸಿದ್ರು, ಒಂದೇ ಒಂದು ತುಂಡು. ಅಳೆಸ್ತೀನಿ ಅಂತ ಅಣ್ಣ ಬೇಸಿಗೆಯಲ್ಲೇ ಅವರ ಹತ್ರ ಎರವಲು ತಂದಿದ್ರು. ಲ್ಯಾಬಿನಲ್ಲೆಲ್ಲ ಹುಡುಕಿದ್ವಿ, ಸಿಗಲಿಲ್ಲ. ಮನೇಲಿ ಇರಬಹುದು ಅಂತ. ಸಭೆಯಲ್ಲಿ ಅಣ್ಣನ ಫೋಟೋ ಪಕ್ಕ ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕು ಅಂತ ಸರ್ ಆಸೆ. ಹರಳಿಗೆ ಅಣ್ಣನ ಹೆಸರನ್ನೇ ಇಡ್ತಾರಂತೆ."

ಖಾಲಿ ಚಹಾ ಲೋಟ ಎತ್ತಿಕೊಳ್ಳುತ್ತಿದ್ದ ಅತ್ತೆಯ ಕೈ ತಟ್ಟೆಯ ಮೇಲೆಯೇ ನಿಂತಿತು. "ಅವನ ಹೆಸರನ್ನಾ?"

"ಹೌದಮ್ಮ."

"ಅಂದ್ರೆ ಮುಂದೆ ಯಾರೇ ಅದನ್ನ ಕರೆದ್ರೂ ನನ್ನ ಮಗನ ಹೆಸರು ಹೇಳಿ ಕರೀಬೇಕು? ಪುಸ್ತಕದಲ್ಲೂ ಬರುತ್ತಾ?"

"ಬರುತ್ತಮ್ಮ."

ಮಗ ಸತ್ತ ಮೇಲೆ ಅತ್ತೆಯ ಬೆನ್ನು ನೆಟ್ಟಗಾದದ್ದನ್ನು ಅವತ್ತೇ ನೋಡಿದೆ. ಅವರು ಒಳಗೆ ಹೋಗಿ ತಥಾಸ್ತುವಿಗೆ ಇನ್ನೊಂದು ಲೋಟ ಚಹಾ ತಂದರು, ಈ ಸಲ ಸಕ್ಕರೆ ಜಾಸ್ತಿ.

ಅವನು ಸಭೆಗೆ ತಯಾರಿಸಿದ ಚಿತ್ರಗಳನ್ನು ತೋರಿಸಿದ. ನನ್ನ ಗಂಡ ನಗುತ್ತಿರುವುದು, ಘೋಷಣೆಯವರು ನನ್ನ ಗಂಡನ ಹೆಗಲ ಮೇಲೆ ಕೈಯಿಟ್ಟಿರುವುದು, ಘೋಷಣೆಯವರು ಒಬ್ಬರೇ ನಿಂತಿರುವುದು. ಕೊನೆಗೆ ಎರಡು ಹರಳುಗಳ ಚಿತ್ರ ಅಕ್ಕಪಕ್ಕ. ಎಡಗಡೆಯದರ ಕೆಳಗೆ 'ಕಲಿತದ್ದು', ಬಲಗಡೆಯದರ ಕೆಳಗೆ 'ಊಹಿಸಿದ್ದು'.

"ನೋಡಿ ಅತ್ತಿಗೆ. ಇದನ್ನ ತೋರಿಸಿ ಕಲಿಸಿದ್ವಿ. ಎಂದೂ ತೋರಿಸದ ಇದನ್ನ ಕೊಟ್ವಿ. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದೆ ಹೇಳ್ತು."

ನಾನು ರಸಾಯನಶಾಸ್ತ್ರ ಓದಿದವಳು. ವಿಶ್ವವಿದ್ಯಾಲಯದಲ್ಲಿದ್ದಾಗ ಹರಳುಗಳಿಗೆ ಎಕ್ಸ್‌ರೇ ಹಾಯಿಸಿ ಪರಮಾಣುಗಳ ಜಾಗ ಗುರುತಿಸುವುದೇ ಕೆಲಸ. ಈಗ ನೆಲದ ಟೈಲ್ಸ್ ಮಾಡುವ ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿದ್ದೇನೆ. ಗಂಡನ ಸಂಸ್ಥೆಯವರಿಗೆ ಇದೊಂದು ತಮಾಷೆ. "ಒಂದೇ ಮನೆಯಲ್ಲಿ ಒಬ್ಬರು ಹರಳು, ಒಬ್ಬರು ಹೆಂಚು," ಎಂದು ಘೋಷಣೆಯವರು ಒಂದು ಔತಣದಲ್ಲಿ ಹೇಳಿ, ಯಾರೂ ನಗುವ ಮೊದಲೇ ತಾವೇ ನಕ್ಕಿದ್ದರು.

ಟೈಲ್ಸಿನವರಿಗೆ ಒಂದು ವಿಷಯ ಗೊತ್ತು. ಹೂಬಳ್ಳಿಯ ವಿನ್ಯಾಸವಿರುವ ನೆಲವನ್ನು ಚೌಕಗಳಾಗಿ ಭಾಗ ಮಾಡುವಾಗ ಎಲ್ಲಿಂದ ಬೇಕಾದರೂ ಶುರು ಮಾಡಬಹುದು. ಹೂವನ್ನು ಚೌಕದ ನಡುವೆ ಇಡಬಹುದು. ಕಾಲುಕಾಲು ಭಾಗ ಮಾಡಿ ನಾಲ್ಕು ಮೂಲೆಗೆ ಹಂಚಬಹುದು. ಕೈಯಲ್ಲಿ ಹಿಡಿದು ನೋಡಿದರೆ ಎರಡು ಬೇರೆ ಬೇರೆ ಟೈಲ್ಸ್. ಹಾಸಿದರೆ ಒಂದೇ ನೆಲ. ಹರಳನ್ನೂ ಹೀಗೇ ಒಂದು ಸಣ್ಣ ಪೆಟ್ಟಿಗೆಯಾಗಿ ಬರೆದು ತೋರಿಸುತ್ತಾರೆ. ಪೆಟ್ಟಿಗೆ ಎಲ್ಲಿಂದ ಶುರುವಾಗಬೇಕು, ಎಷ್ಟು ದೊಡ್ಡದಿರಬೇಕು ಎಂಬುದು ಬರೆಯುವವರ ಇಷ್ಟ.

ಪರದೆಯ ಮೇಲಿದ್ದದ್ದು ಒಂದೇ ಹರಳು.

"ಇವೆರಡೂ ಒಂದೇ," ಎಂದೆ.

"ಇಲ್ಲ ಅತ್ತಿಗೆ. ಎರಡು ಬೇರೆ ಲ್ಯಾಬಿನವರು ದಾಖಲು ಮಾಡಿದ್ದು."

"ಎರಡು ಲ್ಯಾಬಿನವರು ಒಂದೇ ಹರಳನ್ನ ದಾಖಲು ಮಾಡಬಾರದಾ?"

"ಎರಡೆರಡು ಸಲ ಬಂದಿರೋದನ್ನ ತೆಗೆಯೋಕೆ ಪ್ರೋಗ್ರಾಮ್ ಬರೆದಿದ್ದೀವಿ. ಪೆಟ್ಟಿಗೆಯ ಉದ್ದ, ಅಗಲ, ಎತ್ತರ ಹೋಲಿಸುತ್ತೆ."

"ಒಬ್ಬರ ಪೆಟ್ಟಿಗೆ ಇನ್ನೊಬ್ಬರದರ ಎರಡರಷ್ಟಿದ್ರೆ?"

ಅವನು ಪರದೆಯನ್ನು ನೋಡಿದ. ತಲೆ ವಾರೆ ಮಾಡಿ ನೋಡಿದ. ಎಡಗಡೆಯ ಚಿತ್ರದ ಮೂಲೆಯಿಂದ ನಡುವಿನವರೆಗೆ ಬೆರಳಿನಲ್ಲಿ ಗೆರೆ ಎಳೆದ. ಆಮೇಲೆ ಬೆರಳನ್ನು ಬಿಸಿ ತಾಗಿದವನಂತೆ ಹಿಂದಕ್ಕೆ ತೆಗೆದುಕೊಂಡ.

"ಇಂಥವು ಎಷ್ಟಿವೆ?"

"ಗೊತ್ತಿಲ್ಲ ಅತ್ತಿಗೆ."

"ಪ್ರಶ್ನೆಪತ್ರಿಕೆ ಮೊದಲೇ ಕೊಟ್ಟು ಪರೀಕ್ಷೆ ಬರೆಸಿದ್ದೀರಿ. ತೊಂಬತ್ತೇಳು ಬಂತು ಅಂತ ಮೆರವಣಿಗೆ ಬೇರೆ."

ತಮಾಷೆಯೆಂದರೆ ಯಂತ್ರಕ್ಕೆ ಇದು ಗೊತ್ತಿತ್ತು. ಅದು ಪೆಟ್ಟಿಗೆ ನೋಡುವುದಿಲ್ಲ, ಯಾರ ಪಕ್ಕ ಯಾರು ಎಂದಷ್ಟೇ ನೋಡುತ್ತದೆ. ಎರಡೂ ಒಂದೇ ಎಂದು ಗುರುತು ಹಿಡಿದು, ಬಾಯಿಪಾಠ ಮಾಡಿದ ಉತ್ತರವನ್ನೇ ಒಪ್ಪಿಸಿತ್ತು. ಗೊತ್ತಾಗದೆ ಹೋದದ್ದು ಅದಕ್ಕೆ ಪಾಠ ಹೇಳಿದ ಪಂಡಿತರಿಗೆ. ಬಚ್ಚಿಟ್ಟ ಹರಳುಗಳಲ್ಲಿ ಅರ್ಧ ಇಂಥವೇ ಆದರೆ ಆ ತೊಂಬತ್ತೇಳಕ್ಕೆ ಅರ್ಥವಿಲ್ಲ. ಹೊಸ ಹರಳಿನ ಬಗ್ಗೆ ಅದು ಹೇಳಿದ್ದು ಬರೀ ಬಾಯಿಗೆ ಬಂದದ್ದು.

"ಸರ್‌ಗೆ ಹೇಳ್ತೀನಿ," ಎಂದ ತಥಾಸ್ತು, ಎದ್ದು ನಿಂತು.

"ಹೇಳ್ತೀಯಾ?"

"ಹೇಳ್ತೀನಿ ಅತ್ತಿಗೆ." ಎಲ್ಲದಕ್ಕೂ ಹೌದೆನ್ನುವ ಅದೇ ದನಿ. ಚಪ್ಪಲಿ ಮೆಟ್ಟಿಕೊಳ್ಳುತ್ತ, "ಹರಳು ಸಿಕ್ಕಿದ್ರೆ ಒಂದು ಫೋನ್ ಮಾಡಿ," ಎಂದ.

ಅವನು ಹೋದದ್ದೇ ತಡ, ಅತ್ತೆ ಮಗನ ಮೇಜಿನ ಖಾನೆಗಳನ್ನು ಎಳೆದು ಹುಡುಕತೊಡಗಿದರು. ನಾನು ಮೇಜಿನ ಹತ್ತಿರ ಹೋಗಲಿಲ್ಲ. ಗಂಡ ತಾನು ಹೆದರುವ ವಸ್ತುಗಳನ್ನು ಎಲ್ಲಿಡುತ್ತಿದ್ದನೆಂದು ನನಗೆ ಗೊತ್ತಿತ್ತು. ಬೀರುವಿನ ಕೆಳಗಿನ ಹಲಗೆ, ಚಳಿಗಾಲದ ಬಟ್ಟೆಗಳ ಅಡಿ.

ಹರಳು ಹಳೆಯ ಕನ್ನಡಕದ ಡಬ್ಬಿಯಲ್ಲಿತ್ತು, ಹತ್ತಿಯಲ್ಲಿ ಸುತ್ತಿ. ಕಿರುಬೆರಳಿನಷ್ಟು ಉದ್ದ, ನೀರು ಚಹಾದ ಬಣ್ಣ. ನೋಡಲು ಏನೂ ಇಲ್ಲ. ಮನೆಗೆ ಬರುವ ಮಕ್ಕಳು ಕೇಳಿದರೆ ಆಟಕ್ಕೆ ಕೊಟ್ಟುಬಿಡಬಹುದಾದಂಥದು.

ಶಾಖ ಅಳೆಯುವ ಉಪಕರಣ ಅವನ ಕೋಣೆಯಿಂದ ಒಂದು ಮಹಡಿ ಕೆಳಗಿತ್ತು. ಬೇಸಿಗೆಯಲ್ಲಿ ತಂದ ಹರಳನ್ನು ಅವನು ಆ ಮಹಡಿ ಇಳಿಸಲಿಲ್ಲ. ಬಸ್ಸಿನಲ್ಲಿ ಕೂರಿಸಿಕೊಂಡು ಮನೆಗೆ ತಂದು ಉಣ್ಣೆಯ ಕೆಳಗೆ ಮಲಗಿಸಿದ.

ಆಗ ಒಂದು ಸಂಜೆ ನೆನಪಾಯಿತು. ಊಟ ಮಾಡುತ್ತಿದ್ದವನು ಇದ್ದಕ್ಕಿದ್ದಂತೆ ಕೇಳಿದ್ದ, "ನಿಮ್ಮ ಕಾರ್ಖಾನೇಲಿ ಒಂದೇ ಟೈಲ್ಸು ಎರಡು ಹೆಸರಲ್ಲಿ ಬಂದ್ರೆ ಹೇಗೆ ಕಂಡುಹಿಡೀತೀರಿ?"

"ಹಾಸಿ ನೋಡ್ತೀವಿ."

"ಹಾಸಿ ನೋಡ್ದೇ ಇದ್ರೆ?"

"ಮಾರ್ತೀವಿ."

ಅವನು ಕೆಮ್ಮು ಬರುವಷ್ಟು ನಕ್ಕಿದ್ದ. ನಾನು ನೀರು ಕೊಟ್ಟಿದ್ದೆ.

ಅಂದರೆ ಅವನಿಗೆ ಅನುಮಾನ ಬಂದಿತ್ತು. ಅನುಮಾನ ಬಂದ ಮೇಲೆ ಅಳೆಯಬೇಕು. ಅಳೆದರೆ ಘೋಷಣೆಯವರ ಮುಂದೆ ಬಾಯಿ ಬಿಡಬೇಕು. ಅವನು ಹರಳಿನ ಮೇಲೆ ಬಟ್ಟೆ ಮಡಿಸಿಟ್ಟ. ಎದೆಯ ಪರೀಕ್ಷೆಗೂ ಹೀಗೇ ಮಾಡಿದ. ಮಾಡಿಸಿಕೋ ಎಂದು ನಾನು ಹೇಳುತ್ತಲೇ ಇದ್ದೆ. "ಬರೀ ಗ್ಯಾಸು ಕಣೇ," ಎನ್ನುತ್ತಿದ್ದ. ಅಳೆಯದೇ ಇದ್ದದ್ದು ಇಲ್ಲವೇ ಇಲ್ಲ ಎಂಬುದು ಅವನ ವಿಜ್ಞಾನ. ಅದಕ್ಕೆ ಸಂಬಳವನ್ನೂ ಕೊಡುತ್ತಿದ್ದರು.

ಅಳು ಬರಬಹುದೆಂದು ಕಾದೆ. ಬರಲಿಲ್ಲ. ಡಬ್ಬಿಯನ್ನು ಕೈಚೀಲಕ್ಕೆ ಹಾಕಿಕೊಂಡೆ.

ಮರುದಿನ ಘೋಷಣೆಯವರ ಕೋಣೆಗೆ ಹೋದೆ. ಗೋಡೆಯ ತುಂಬ ಅವರೇ. ಯಾರ್ಯಾರಿಂದಲೋ ಹೂಗುಚ್ಛ ತೆಗೆದುಕೊಳ್ಳುತ್ತಿರುವುದು. ಮೇಜಿನ ಮೇಲೆ ಪ್ಲಾಸ್ಟಿಕ್ ಗುಂಡುಗಳಿಂದ ಮಾಡಿದ ಹರಳಿನ ಮಾದರಿ, ಅದರಲ್ಲಿ ಎರಡು ಗುಂಡು ಕಾಣೆಯಾಗಿದ್ದವು.

"ಬಾಮ್ಮಾ, ಕೂತ್ಕೋ. ನಿನ್ನ ದುಃಖ ಬೇರೆ ಅಲ್ಲ, ನನ್ನ ದುಃಖ ಬೇರೆ ಅಲ್ಲ."

ಅವರ ದುಃಖಕ್ಕೆ ಆ ಬೆಳಿಗ್ಗೆ ತಲೆಗೂದಲಿಗೆ ಬಣ್ಣ ಹಚ್ಚಿಕೊಳ್ಳುವಷ್ಟು ಬಿಡುವು ಸಿಕ್ಕಿತ್ತು.

"ತಥಾ... ನಿಮ್ಮ ಹುಡುಗ ಹೇಳಿದನಾ?"

"ಹೇಳಿದ, ಹೇಳಿದ. ಒಂದಷ್ಟು ಹರಳು ಎರಡೆರಡು ಸಲ ಸೇರಿಕೊಂಡಿರಬಹುದು. ಯಾರ ಕೆಲಸದಲ್ಲಿ ಇಲ್ಲಮ್ಮ ಇಂಥದ್ದು?"

"ಎಷ್ಟು ಸೇರಿಕೊಂಡಿವೆ?"

"ನೋಡ್ಬೇಕು."

"ನೋಡಿ ಹಾಗಾದ್ರೆ."

"ನೋಡೋಣ. ಸಭೆ ಮುಗೀಲಿ."

"ಹರಳನ್ನ ಅಳೆಯೋದು?"

"ಅದೂ ಸಭೆ ಮುಗಿದ ಮೇಲೆ." ಅವರು ಮುಂದೆ ಬಾಗಿದರು. "ಈಗ ಭಾವನೆಗಳ ಸಮಯ ತಾಯಿ. ಅಳತೆ, ಲೆಕ್ಕ, ಇವೆಲ್ಲ ಇದ್ದೇ ಇರುತ್ತೆ."

"ಸಭೆ ಮುಗಿದ ಮೇಲೆ ಅಳೆದು, ಸುಳ್ಳು ಅಂತ ಆದ್ರೆ?"

ಘೋಷಣೆಯವರು ಕಿಟಕಿಯ ಕಡೆ ನೋಡಿದರು. "ವಿಜ್ಞಾನದಲ್ಲಿ ತಪ್ಪು ಸಹಜ. ಲೆಕ್ಕ ಎಲ್ಲ ಅವನೇ ನೋಡ್ಕೊಳ್ತಿದ್ದ. ನಾವು ಅವನನ್ನ ನಂಬಿದ್ವಿ. ಅಷ್ಟೇ ನಮ್ಮ ತಪ್ಪು."

ಎಷ್ಟು ಸಲೀಸಾಗಿ ಬಂತೆಂದರೆ, ಆ ವಾಕ್ಯವನ್ನು ಅವರು ಮೊದಲೇ ಬರೆದಿಟ್ಟುಕೊಂಡಿದ್ದರು ಎಂದು ಗೊತ್ತಾಯಿತು. ಗೆದ್ದರೆ ಘೋಷಣೆ ಅವರದು. ಸೋತರೆ ತಪ್ಪು ಸತ್ತವನದು. ಸತ್ತವನು ಬದುಕಿದ್ದಾಗಲೇ ಬಾಯ್ಬಿಡದವನು, ಈಗಂತೂ ಕೇಳಬೇಕಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಅವರು ಇಡಲು ಹೊರಟಿದ್ದು ಹರಳನ್ನಲ್ಲ.

"ನಿಮ್ಮ ಅತ್ತೆ ಜೊತೆ ಫೋನಲ್ಲಿ ಮಾತಾಡಿದೆ," ಎಂದರು. "ಎಷ್ಟು ಸಂತೋಷಪಟ್ರು ಆ ತಾಯಿ! ಹೆತ್ತ ಹೊಟ್ಟೆ ಉರಿಸಬೇಡ. ಹರಳು ಸಿಕ್ಕಿದ್ರೆ ಕೊಟ್ಬಿಡು. ನಿನಗೂ ಇಲ್ಲೇ ಒಂದು ಕೆಲಸ ನೋಡೋಣ. ಎಷ್ಟು ದಿನ ಅಂತ ಹೆಂಚಿನ ಜೊತೆ ಇರ್ತೀಯ?"

"ಹೆಂಚಲ್ಲ ಸರ್. ಟೈಲ್ಸ್."

"ಅದೇ ಅದೇ."

"ಹರಳು ಕುಲುಮೆ ಮೇಡಂದಲ್ವಾ?"

ಅವರ ಮುಖದಿಂದ ದುಃಖ ಸರ್ರನೆ ಇಳಿಯಿತು. "ಅವಳಾ? ಬೆಂಕಿ ಮುಂದೆ ಕೂತು ಕೂತು ಬಾಯೂ ಬೆಂಕಿ ಆಗಿದೆ. ಏನೇ ಮಾಡು, ಅವಳ ಕೈಗೆ ಮಾತ್ರ ಕೊಡಬೇಡ. ಕೊಟ್ರೆ ಅವತ್ತೇ ಗರಗಸ ಹಾಕಿ ಅಳೆದು, ಊರೆಲ್ಲ ಡಂಗುರ ಹೊಡೀತಾಳೆ."

ಬದುಕಿನಲ್ಲಿ ಅವರು ಕೊಟ್ಟ ಒಂದೇ ಒಂದು ಉಪಯುಕ್ತ ಸಲಹೆ ಅದು. ಡಬ್ಬಿ ನನ್ನ ತೊಡೆಯ ಮೇಲಿನ ಚೀಲದಲ್ಲೇ ಇತ್ತು. ಕುಲುಮೆ ಕೋಣೆ ಅದೇ ಆವರಣದ ಹಿಂದೆ. ಆಗಲೇ ಹೋಗಿ ಕೊಟ್ಟುಬಿಡಬಹುದಿತ್ತು. ಆದರೆ ಅತ್ತೆಗೆ ಹೇಳದೆ ಕೊಟ್ಟರೆ ಅದು ಕಳ್ಳತನ ಅನ್ನಿಸಿತು. ಮನೆಗೆ ಬಂದೆ.

ಅತ್ತೆ ಮಂಚದ ಮೇಲೆ ಫೋಟೋಗಳನ್ನು ಹರಡಿಕೊಂಡು ಕೂತಿದ್ದರು.

"ಇದು ನೋಡು, ಇದರಲ್ಲಿ ಕಾಲರ್ ಸೊಟ್ಟ ಇದೆ. ಇದರಲ್ಲಿ ಕಣ್ಣು ಮುಚ್ಚಿದ್ದಾನೆ. ಪೆಟ್ಟಿಗೆ ಪಕ್ಕ ಇಡೋದು ಅಂದ್ರೆ ಚೆನ್ನಾಗಿರಬೇಕು."

ನಾನು ಡಬ್ಬಿ ತೆರೆದು ತೋರಿಸಿದೆ. ಅತ್ತೆ ಮುಟ್ಟಲಿಲ್ಲ, ಬಗ್ಗಿ ನೋಡಿದರು.

"ಇಷ್ಟೇನಾ?"

"ಇಷ್ಟೇ."

"ಸರ್‌ಗೆ ಕೊಟ್ಟು ಬರೋದಲ್ವಾ? ಮತ್ತೆ ಯಾಕೆ ತಂದೆ?"

ಟೈಲ್ಸಿನ ಕಥೆ ಹೇಳಿದೆ. ಹೂವು, ಚೌಕ, ಎಲ್ಲ. ಘೋಷಣೆಯವರ ಮಾತನ್ನು ಒಂದಕ್ಷರ ಬಿಡದೆ, ತಲೆಗೂದಲ ಬಣ್ಣವನ್ನೂ ಬಿಡದೆ ಹೇಳಿದೆ. ಇದನ್ನು ಬೆಳೆಸಿದವರಿಗೇ ಕೊಡುತ್ತೇನೆ, ಅವರು ಅಳೆಯುತ್ತಾರೆ ಎಂದೆ.

"ಮಗನ ಹೆಸರು ಒಂದು ಕಲ್ಲಿಗಾದ್ರೂ ಬರ್ಲಿ ಅಂದ್ರೆ, ನೀನು ಅದಕ್ಕೂ ಕಲ್ಲು ಹಾಕ್ತೀಯಲ್ಲೇ," ಎಂದರು ಅತ್ತೆ. "ಅವನ ಮೇಲೆ ಏನೇ ನಿನಗೆ ಇಷ್ಟು ಹಗೆ?"

"ಹಗೆ ಇಲ್ಲ."

"ನಿಜ ಅಂತಾದ್ರೆ?"

"ಆದ್ರೆ ಹೆಸರು ನಿಲ್ಲುತ್ತೆ. ಅಳೆದ ಮೇಲೆ."

"ಅಳೀದೇ ಇದ್ರೆ ಈಗಲೇ ನಿಲ್ಲುತ್ತಲ್ಲೇ!"

ನನ್ನ ಗಂಡ ಯಾರ ಹೊಟ್ಟೆಯಲ್ಲಿ ಹುಟ್ಟಿದ್ದನೆಂದು ಆಗ ಚೆನ್ನಾಗಿ ಗೊತ್ತಾಯಿತು. ನಗು ಬಂತು. ಅತ್ತೆಯೂ ಅದನ್ನು ಕಂಡರು. ಬೈಯುತ್ತಾರೆಂದುಕೊಂಡೆ. ಅವರು ಫೋಟೋಗಳನ್ನು ಒಂದರ ಮೇಲೊಂದು ಜೋಡಿಸಿದರು.

"ಮಾರ್ಕ್ಸ್ ಕಾರ್ಡ್ ಕೊಡೋ ದಿನ ಅವನಿಗೆ ಜ್ವರ ಬರ್ತಿತ್ತು," ಎಂದರು. "ಹಣೆ ಮುಟ್ಟಿದ್ರೆ ತಣ್ಣಗಿರ್ತಿತ್ತು. ನಾನೂ ಹೌದು ಕಣೋ, ಜ್ವರ ಅಂತಿದ್ದೆ."

ನಾನು ಡಬ್ಬಿ ಮುಚ್ಚಿದೆ.

"ಸುಳ್ಳು ಅಂತಾದ್ರೆ, ಎಲ್ಲಾ ಅವನೇ ಮಾಡಿದ ಅಂತಾರಾ?"

"ಈಗಲೇ ಅಂದಿದ್ದಾರೆ."

"ಆ ತಲೆಗೆ ಬಣ್ಣ ಹಚ್ಚೋನು?"

"ಅವರೇ."

ಅತ್ತೆ ಎದ್ದರು. "ಕೊಟ್ಟು ಬಾ ಅಂತ ನನ್ನ ಬಾಯಲ್ಲಿ ಹೇಳಿಸಬೇಡ. ನಾನು ಹೇಳಲ್ಲ. ನೀನು ಹೋಗೋದನ್ನ ನಾನು ನೋಡೋದೂ ಇಲ್ಲ." ಬಚ್ಚಲಮನೆಗೆ ಹೋಗಿ ಬಾಗಿಲು ಹಾಕಿಕೊಂಡು, ನಲ್ಲಿಯನ್ನು ಜೋರಾಗಿ ತಿರುಗಿಸಿದರು. ಖಾಲಿ ಬಕೆಟ್ಟಿಗೆ ನೀರು ಬೀಳುವ ಸದ್ದಿನಲ್ಲಿ ನಾನು ಮುಂಬಾಗಿಲು ಎಳೆದುಕೊಂಡು ಹೊರಟೆ.

ಕುಲುಮೆ ಕೋಣೆ ಸಂಸ್ಥೆಯ ಹಿಂಭಾಗದಲ್ಲಿ, ತಗಡಿನ ಮಾಡಿನ ಕೆಳಗೆ. ಗೋಡೆಗುಂಟ ಕುಲುಮೆಗಳು, ಒಂದೊಂದರ ಮೇಲೂ ಕೆಂಪು ಅಂಕಿಗಳು. ಕುಲುಮೆ ಮೇಡಂ ಡಾಕ್ಟರೇಟ್ ಮಾಡಿದವರು, ಘೋಷಣೆಯವರಿಗಿಂತ ಹಿರಿಯರು. ಹೂಗುಚ್ಛ ತೆಗೆದುಕೊಳ್ಳುವ ಒಂದು ಫೋಟೋವೂ ಗೋಡೆಯ ಮೇಲೆ ಇರಲಿಲ್ಲ. ಯಾರಿಗೋ ಫೋನಿನಲ್ಲಿ ಬೈಯುತ್ತಿದ್ದರು. ನನ್ನನ್ನು ಕಂಡು ಫೋನ್ ಇಟ್ಟರು.

"ಯಾರಮ್ಮ? ಏನು ಬೇಕು?"

ನಾನು ಯಾರೆಂದು ಹೇಳಿದೆ. ನಿಮ್ಮ ಹರಳು ತಂದಿದ್ದೇನೆ ಎಂದೆ.

"ಬಂತಾ ಅಂತೂ! ನೆರೆಮನೆಗೆ ಕೊಟ್ಟ ಏಣಿಯಾದ್ರೂ ಇಷ್ಟು ದಿನ ಹೊರಗಿರಲ್ಲ. ವಾರದಲ್ಲಿ ತರ್ತೀನಿ ಅಂದ. ಬೇಸಿಗೆ ಹೋಯ್ತು, ಮಳೆ ಬಂತು. ಕೇಳಿದಾಗಲೆಲ್ಲ ಹಲ್ಲು ಕಿರಿದು, 'ಮೇಡಂ, ನಾಳೆ'. ಅವನ ನಾಳೆಗೆ ಬೆಂಕಿ ಬಿತ್ತು. ಬೇಜವಾಬ್ದಾರಿ ಮನುಷ್ಯ..." ಅಷ್ಟರಲ್ಲಿ ಅವರಿಗೆ ನೆನಪಾಯಿತು. ಬಾಯಿ ಮುಚ್ಚಿಕೊಂಡರು. ಕುಲುಮೆಯ ಅಂಕಿಯನ್ನು ಸುಮ್ಮನೆ ನೋಡಿದರು. "ಸತ್ತವರನ್ನ ಬೈಬಾರದು ಅಂತಾರೆ."

"ಬೈರಿ," ಎಂದೆ.

"ಏನು?"

"ನಿಲ್ಲಿಸಬೇಡಿ. ಬೈರಿ."

ಅವರು ನನ್ನ ಮುಖವನ್ನೇ ನೋಡಿದರು. ಪಕ್ಕದ ಸ್ಟೂಲಿನ ಮೇಲಿದ್ದ ಇಕ್ಕಳ ತೆಗೆದು, ಕೂರು ಎಂದು ಸನ್ನೆ ಮಾಡಿದರು. ಆಮೇಲೆ ಬೈದರು. ನನ್ನ ಗಂಡ ಕುಲುಮೆಯ ಬಾಗಿಲು ತೆಗೆದಿಟ್ಟು ಹೋದದ್ದು, ಅವರ ಪೆನ್ನು ಜೇಬಿಗೆ ಹಾಕಿಕೊಂಡದ್ದು, ಕುಲುಮೆಯ ಮೇಲೆ ತನ್ನ ತಿಂಡಿಯ ಡಬ್ಬಿ ಬಿಸಿಗಿಟ್ಟು ಮರೆತು ಕೋಣೆಯೆಲ್ಲ ಸುಟ್ಟ ವಾಸನೆ ಹಬ್ಬಿಸಿದ್ದು, ತಾವು ಬೈಯುತ್ತಿದ್ದರೆ ಘೋಷಣೆಯವರ ನಡಿಗೆಯನ್ನು ಅಣಕಿಸಿ ತೋರಿಸಿ ನಗಿಸಿಬಿಟ್ಟದ್ದು. "ಅಷ್ಟು ಧೈರ್ಯ ನನ್ನ ಮುಂದೆ. ಅಲ್ಲಿ ಹೋಗಿ ಅವನೆದುರು ಬೆಕ್ಕಿನ ಮರಿ. ಹೆದರುಪುಕ್ಕಲ!"

ಇಷ್ಟು ದಿನ ಮನೆಗೆ ಬಂದವರೆಲ್ಲ ಯಾರೋ ಒಬ್ಬ ಚಿನ್ನದ ಹುಡುಗನಿಗಾಗಿ ಅತ್ತು ಹೋಗಿದ್ದರು. ಅವನು ಯಾರೋ ನನಗೆ ತಿಳಿಯದು. ಇವರು ಬೈದವನು ನನ್ನ ಗಂಡ. ನನ್ನ ಮೂಗು ಕಟ್ಟಿಕೊಂಡಿತು. ಸೆರಗು, ಕರವಸ್ತ್ರ ಏನೂ ಸಿಗದೆ ತೋಳಿನಿಂದಲೇ ಒರೆಸಿಕೊಂಡೆ. ಮೇಡಂ ಬೈಯುವುದನ್ನು ನಿಲ್ಲಿಸದೆಯೇ ಯಂತ್ರ ಒರೆಸುವ ಬಟ್ಟೆಯಲ್ಲಿ ಶುದ್ಧವಾದದ್ದೊಂದನ್ನು ನನ್ನ ಕಡೆ ಎಸೆದರು.

"ಅಳೆದಿದ್ದಾನಾ?" ಎಂದರು ಕೊನೆಗೆ.

"ಇಲ್ಲ. ನೀವು ಅಳೀಬೇಕು. ಶುಕ್ರವಾರದೊಳಗೆ."

"ಅಳೆಯೋದು ಅಂದ್ರೆ ಕೊಯ್ದು ಬಿಲ್ಲೆ ಮಾಡಬೇಕು. ಆಮೇಲೆ ಇದನ್ನ ಗಾಜಿನ ಪೆಟ್ಟಿಗೆಯಲ್ಲಿ ಇಡೋಕಾಗಲ್ಲ. ಆ ಮನುಷ್ಯ ಕುಣಿದಾಡ್ತಾನೆ."

"ಕುಣೀಲಿ."

"ನಂಬರ್ ಕೆಟ್ಟದಾಗಿ ಬಂದ್ರೆ, ಸಭೆಯಲ್ಲಿ ಎದ್ದು ನಿಂತು ಹೇಳೋಳು ನಾನು. ನಾನೇನು ಬಾಯಿಗೆ ಬೀಗ ಹಾಕ್ಕೊಳ್ಳಲ್ಲ."

"ಮುಲಾಜಿಲ್ಲದೆ ಹೇಳಿ. ಎರಡೆರಡು ಸಲ ಸೇರಿರೋ ಹರಳುಗಳ ವಿಷಯ ನಾನು ಹೇಳ್ತೀನಿ. ಅದನ್ನ ಯಾರು ಯಾರು ನೋಡಿ ಸುಮ್ಮನಿದ್ರು ಅನ್ನೋದನ್ನೂ. ಅವನನ್ನೂ ಸೇರಿಸಿ."

ಮೇಡಂ ನನ್ನೆದುರು ಬಂದು ನಿಂತರು. ಆಮೇಲೆ ಕೈಗವಸು ಕಳಚಿ ಅಂಗೈ ಚಾಚಿದರು. ನಾನು ಹತ್ತಿಯಿಂದ ಹರಳನ್ನು ಬಿಡಿಸಿ ಅದರ ಮೇಲಿಟ್ಟೆ. ಅವರು ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿದರು.

"ಒಂದು ತುದಿ ಮುಕ್ಕಾಗಿದೆ," ಎಂದರು.

"ಅವನೇ ಮಾಡಿರಬೇಕು," ಎಂದೆ.